ಒಂದು ಭಾನುವಾರ, ಎರಡು ಟ್ರೇ ಮಫಿನ್

ಭಾನುವಾರ ಸಂಜೆ 5 ಗಂಟೆಗೆ ನಾದಿನಿ ಮಕ್ಕಳನ್ನು ಕರೆದುಕೊಂಡು ಬರುವವಳಿದ್ದಳು. ಸೋಮವಾರ ಬೆಳಿಗ್ಗೆ ನಮ್ಮ ಮಕ್ಕಳ ಡಬ್ಬಿಗೂ ಏನಾದರೂ ಆಗಬೇಕಿತ್ತು. ಅಡುಗೆಮನೆಯ ಬುಟ್ಟಿಯಲ್ಲಿ ಆರು ಬಾಳೆಹಣ್ಣು, ಸಿಪ್ಪೆ ತುಂಬಾ ಕಪ್ಪು ಚುಕ್ಕೆ. ಇನ್ನೊಂದು ದಿನ ಬಿಟ್ಟರೆ ಯಾರೂ ಮುಟ್ಟುವುದಿಲ್ಲ. ಮಫಿನ್‌ಗೆ ಮಾತ್ರ ಇದಕ್ಕಿಂತ ಒಳ್ಳೆಯ ಹಣ್ಣು ಬೇಡ. ಕಳಿತಷ್ಟೂ ಒಳಗಿನ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಫೋರ್ಕ್‌ನಲ್ಲಿ ಒತ್ತಿದರೆ ಸಾಕು, ತಾನಾಗೇ ಮೆತ್ತಗಾಗುತ್ತದೆ.

ಆ ದಿನ ಮನೆಯಲ್ಲಿ ಇದ್ದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಮುಂದೆ ನಡೆದದ್ದಕ್ಕೂ ಅವಕ್ಕೂ ಸಂಬಂಧ ಇದೆ. ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಒಂದು ವಾರ. ನಾಲ್ಕು ಗಂಟೆಗೊಮ್ಮೆ ಎರಡು ಥರದ ಡ್ರಾಪ್ಸ್ ಹಾಕಬೇಕು, ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4. ದೊಡ್ಡವಳಿಗೆ 10 ಗಂಟೆಗೆ ಈಜು ಕ್ಲಾಸ್. ಚಿಕ್ಕವನಿಗೆ ಐದು ವರ್ಷ, ಅವನು ಎಲ್ಲಿದ್ದಾನೆ ಅಂತ ಒಂದು ಕಿವಿ ಅತ್ತ ಇಟ್ಟಿರಲೇಬೇಕು. ಮೂಲೆಯಲ್ಲಿ ಎರಡು ಲೋಡ್ ಬಟ್ಟೆ ಕಾಯುತ್ತಿತ್ತು.

ಬೆಳಿಗ್ಗೆ 7.10: ಅಳತೆ

ನಾನು ಮಾಡುವ ಅಳತೆ ಇದು. 12 ಮಫಿನ್ ಆಗುತ್ತದೆ. ಮೈದಾ 250 ಗ್ರಾಂ. ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ. ಅಡುಗೆ ಸೋಡಾ ಅರ್ಧ ಟೀ ಚಮಚ. ಉಪ್ಪು ಅರ್ಧ ಟೀ ಚಮಚ. ಇವಿಷ್ಟು ಒಣ ಪಾತ್ರೆಗೆ. ಹಸಿ ಪಾತ್ರೆಗೆ ಸಿಪ್ಪೆ ತೆಗೆದ ಮೂರು ಬಾಳೆಹಣ್ಣು, ಹೆಚ್ಚುಕಡಿಮೆ 300 ಗ್ರಾಂ. ಸಕ್ಕರೆ 120 ಗ್ರಾಂ, ಮೊಟ್ಟೆ ಎರಡು, ವಾಸನೆ ಇಲ್ಲದ ಎಣ್ಣೆ 100 ಮಿ.ಲೀ., ಮೊಸರು 60 ಮಿ.ಲೀ., ವೆನಿಲಾ ಒಂದು ಟೀ ಚಮಚ.

ಸಕ್ಕರೆ ಒಣ ಪದಾರ್ಥ ಅಲ್ವಾ, ಹಸಿ ಪಾತ್ರೆಗೆ ಯಾಕೆ ಅಂತ ಕೇಳಬಹುದು. ಅದು ಮೊದಲೇ ಕರಗಿರಬೇಕು. ಮೈದಾ ಜೊತೆ ಹಾಕಿದರೆ ಅದನ್ನು ಕರಗಿಸಲೆಂದೇ ಆಮೇಲೆ ಜಾಸ್ತಿ ಕಲಸಬೇಕಾಗುತ್ತದೆ. ಆ ಜಾಸ್ತಿ ಕಲಸುವಿಕೆಯೇ ಮಫಿನ್‌ಗೆ ಆಗದು.

ಮೈದಾವನ್ನು ಕಪ್ಪಿನಲ್ಲಿ ಅಳೆಯುವುದನ್ನು ನಾನು ಬಿಟ್ಟು ವರ್ಷಗಳಾದವು. ಕಪ್ಪನ್ನು ಡಬ್ಬದೊಳಗೆ ಮುಳುಗಿಸಿ ತುಂಬಿದರೆ ಒಂದು ತೂಕ, ಚಮಚದಲ್ಲಿ ಮೆಲ್ಲಗೆ ಸುರಿದರೆ ಇನ್ನೊಂದು ತೂಕ. ಒಂದೇ ಕಪ್, ಆದರೂ 20–30 ಗ್ರಾಂ ಆಚೀಚೆ ಆಗುತ್ತದೆ. ಎರಡು ಕಪ್ ಹಾಕುವಾಗ ಅದು 50 ಗ್ರಾಂ ದಾಟಬಹುದು. ಸಣ್ಣ ತಕ್ಕಡಿ ಇದ್ದರೆ ಈ ತಲೆನೋವೇ ಇಲ್ಲ. ಪಾತ್ರೆ ಇಟ್ಟು ಸೊನ್ನೆ ಒತ್ತುವುದು, ಸುರಿಯುವುದು. ತೊಳೆಯುವುದಕ್ಕೂ ಒಂದು ಕಪ್ ಕಡಿಮೆ.

8 ಗಂಟೆಗೆ ಕೈ ತೊಳೆದು ಅತ್ತೆಗೆ ಡ್ರಾಪ್ಸ್ ಹಾಕಿದೆ. 8.20ಕ್ಕೆ ಹಸಿ ಮಿಶ್ರಣವನ್ನು ಒಣ ಪಾತ್ರೆಗೆ ಸುರಿದೆ. ಓವನ್ ಸ್ವಿಚ್ ಹಾಕಿದ್ದು ಅದಾದ ಮೇಲೆ. ತಪ್ಪು ಅಲ್ಲಿಂದಲೇ ಶುರುವಾಗಿದ್ದು.

8.30: ಮೊಣಕಾಲು

ಹೊರಗಿನಿಂದ ಅಳು ಕೇಳಿಸಿತು. ಚಿಕ್ಕವನು ಸೈಕಲ್ ಜೊತೆ ಬಿದ್ದಿದ್ದ. ಮೊಣಕಾಲು ತರಚಿ ಮಣ್ಣು ಮೆತ್ತಿಕೊಂಡಿತ್ತು. ನೀರಿನಲ್ಲಿ ತೊಳೆದು, ಒರೆಸಿ, ಬ್ಯಾಂಡೇಜ್ ಹಾಕಿ, ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದೆ. ಅಳು ನಿಲ್ಲುವ ಹೊತ್ತಿಗೆ ದೊಡ್ಡವಳ ಈಜಿನ ಕನ್ನಡಕ ಕಾಣಿಸುತ್ತಿರಲಿಲ್ಲ. ಅದನ್ನೂ ಹುಡುಕಿದ್ದಾಯಿತು. ವಾಪಸ್ ಅಡುಗೆಮನೆಗೆ ಬಂದಾಗ 9.05.

ಪಾತ್ರೆಯಲ್ಲಿದ್ದ ಹಿಟ್ಟು ಉಬ್ಬಿ ನಿಂತಿತ್ತು. ಮೇಲೆಲ್ಲಾ ಸಣ್ಣ ಸಣ್ಣ ಗುಳ್ಳೆ. ಅಂಚಿನಲ್ಲಿ ಸ್ವಲ್ಪ ಒಣಗಿದ ಪೊರೆ. ಅದನ್ನು ನೋಡಿ ಸರಿಯಾಗಿ ಬೆರೆಸೋಣ ಅಂತ ಚೆನ್ನಾಗಿ ತಿರುವಿದೆ. ಗಂಟುಗಳೆಲ್ಲ ಹೋಗಿ ನುಣ್ಣಗಾಯಿತು. ಚಮಚ ಎತ್ತಿದರೆ ರಿಬ್ಬನ್ ಥರ ಉದ್ದಕ್ಕೆ ಇಳಿಯುತ್ತಿತ್ತು. ನೋಡುವುದಕ್ಕೆ ತುಂಬಾ ಚೆನ್ನಾಗಿತ್ತು. ಆದರೆ ಮಫಿನ್ ಹಿಟ್ಟು ಹಾಗೆ ಇಳಿಯಬಾರದು. ಅದು ಚಮಚದಿಂದ ಮುದ್ದೆಯಾಗಿ ತೊಪ್ ಅಂತ ಬೀಳಬೇಕು.

ಕಪ್‌ಗಳಿಗೆ ತುಂಬಿ, ಡಯಲ್ 180ರಲ್ಲಿ ಇಟ್ಟು, 22 ನಿಮಿಷ ಬೇಯಿಸಿದೆ. ಟೂತ್‌ಪಿಕ್ ಚುಚ್ಚಿದರೆ ಹಸಿ ಅಂಟುತ್ತಿತ್ತು. ಇನ್ನೂ 6 ನಿಮಿಷ ಬಿಟ್ಟೆ.

ಹೊರಗೆ ತೆಗೆದಾಗ ಹನ್ನೆರಡರಲ್ಲಿ ಒಂದಕ್ಕೂ ತಲೆ ಉಬ್ಬಿರಲಿಲ್ಲ. ಮೇಲೆ ಚಪ್ಪಟೆ, ನಡುವೆ ಒಂಚೂರು ತಗ್ಗು. ಬಣ್ಣ ಬಿಳಿಚಿಕೊಂಡಿತ್ತು.

9.45: ಕೊಯ್ದು ನೋಡಿದ್ದು

ಯಜಮಾನರು ದೊಡ್ಡವಳನ್ನು ಕ್ಲಾಸಿಗೆ ಕರೆದುಕೊಂಡು ಹೋದರು. ಮನೆ ಸ್ವಲ್ಪ ತಣ್ಣಗಾಯಿತು. ಒಂದು ಮಫಿನ್ ತೆಗೆದುಕೊಂಡು ಹಲ್ಲಿರುವ ಚಾಕುವಿನಲ್ಲಿ ಮೇಲಿಂದ ಕೆಳಗೆ ಎರಡು ಭಾಗ ಮಾಡಿದೆ. ಕೆಟ್ಟ ಮಫಿನ್ ಕೈಗೆ ಬಂದರೆ ಮೊದಲು ಮಾಡಬೇಕಾದ ಕೆಲಸ ಇದೇ. ಏನಾಯಿತು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಒಳಗೆ ಎಲ್ಲಾ ಬರೆದಿರುತ್ತದೆ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಳದಿಂದ ಒಂದು ಬೆರಳು ಮೇಲೆ ಶುರುವಾಗಿ, ತಲೆಯ ಕಡೆಗೆ ಓರೆಯಾಗಿ ಏರುವ ನಾಲ್ಕು ಉದ್ದ ತೂತು. ಎರೆಹುಳ ಕೊರೆದ ದಾರಿಯ ಹಾಗೆ. ತೂತಿನ ಒಳಗೋಡೆ ಹೊಳೆಯುತ್ತಿತ್ತು, ನುಣ್ಣಗೆ, ಸ್ವಲ್ಪ ರಬ್ಬರ್ ಥರ. ತೂತುಗಳ ನಡುವಿನ ಭಾಗ ಒತ್ತೊತ್ತಾಗಿ ಅಂಟಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಪುಡಿಯಾಗಲಿಲ್ಲ, ಎಳೆದುಕೊಂಡು ಬಂತು.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡರು. "ರುಚಿ ಚೆನ್ನಾಗಿದೆ ಕಣಮ್ಮ. ಆದರೆ ಅಗಿಯೋದೇ ಜಾಸ್ತಿ ಆಯ್ತು," ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಮೈದಾದಲ್ಲಿರುವ ಪ್ರೋಟೀನ್‌ಗೆ ನೀರು ತಾಗಿದ ಕೂಡಲೇ ಅದು ಗ್ಲುಟೆನ್ ಎಂಬ ಜಾಲ ಕಟ್ಟಲು ಶುರು ಮಾಡುತ್ತದೆ. ಕಲಸಿದಷ್ಟೂ ಜಾಲ ಗಟ್ಟಿ. ಬ್ರೆಡ್‌ಗೆ ಬೇಕಾಗಿರುವುದೇ ಅದು, ಅದಕ್ಕೇ ನಾದುತ್ತೇವೆ. ಮಫಿನ್‌ಗೆ ಅದು ಬೇಡ. ಗಟ್ಟಿ ಜಾಲದಲ್ಲಿ ಸಿಕ್ಕಿಕೊಂಡ ಅನಿಲ ಎಲ್ಲೆಡೆ ಸಣ್ಣ ಗುಳ್ಳೆಯಾಗಿ ಹರಡುವುದಿಲ್ಲ. ಒಂದಕ್ಕೊಂದು ಸೇರಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಮೇಲಕ್ಕೇ ಹೋಗಬೇಕಲ್ಲ, ಹಾಗಾಗಿ ಸುರಂಗ ಬೀಳುತ್ತದೆ. ಸುರಂಗ ಕಂಡರೆ ಹೆಚ್ಚಿನ ಸಲ ಜಾಸ್ತಿ ಕಲಸಿದ್ದೀರಿ ಎಂದೇ ಅರ್ಥ.

ಚಪ್ಪಟೆ ತಲೆಗೆ ಕಾರಣ ಬೇರೆ. ಸೋಡಾಗೆ ಹುಳಿ ಸಿಕ್ಕಿದರೆ ಆ ಕ್ಷಣದಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮೊಸರಿನಲ್ಲೂ ಹುಳಿ ಇದೆ, ಬಾಳೆಹಣ್ಣಿನಲ್ಲೂ ಒಂಚೂರು ಇದೆ. ಸೋಡಾ ಓವನ್‌ಗೆ ಕಾಯುವುದಿಲ್ಲ. ನಾನು ಮೊಣಕಾಲು ತೊಳೆಯುತ್ತಿದ್ದ 35 ನಿಮಿಷದಲ್ಲಿ ಸೋಡಾದ ಕೆಲಸ ಮುಗಿದೇ ಹೋಗಿತ್ತು. ಪಾತ್ರೆಯಲ್ಲಿ ಕಂಡ ಉಬ್ಬು ಅದೇ. ಆಮೇಲೆ ಚೆನ್ನಾಗಿ ತಿರುವಿ, ಉಳಿದಿದ್ದ ಗುಳ್ಳೆಗಳನ್ನೂ ನಾನೇ ಒಡೆದೆ.

ಬೇಕಿಂಗ್ ಪೌಡರ್ ಮಾತ್ರ ಹಾಕುವ ಮಫಿನ್ ಆಗಿದ್ದರೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಈಗ ಸಿಗುವ ಬೇಕಿಂಗ್ ಪೌಡರ್ ಹೆಚ್ಚಿನವು ಎರಡು ಹಂತದಲ್ಲಿ ಕೆಲಸ ಮಾಡುತ್ತವೆ. ಒದ್ದೆಯಾದಾಗ ಸ್ವಲ್ಪ, ಬಿಸಿ ತಾಗಿದಾಗ ಉಳಿದದ್ದು. ಅಂಥ ಹಿಟ್ಟನ್ನು ಅರ್ಧ ಗಂಟೆ ಇಟ್ಟರೆ ಒಳ್ಳೆಯದೇ ಆಗುತ್ತದೆ. ಮೈದಾ ನೀರು ಕುಡಿದು ಹಿಟ್ಟು ದಪ್ಪಗಾಗುತ್ತದೆ, ತಲೆ ಚೆನ್ನಾಗಿ ಉಬ್ಬುತ್ತದೆ. ಆದರೆ ಇಟ್ಟ ಮೇಲೆ ಮತ್ತೆ ತಿರುವಬಾರದು. ನನ್ನ ಹಿಟ್ಟಿನಲ್ಲಿ ಸೋಡಾನೂ ಇತ್ತು, ತಿರುವಿದ್ದೂ ಆಯಿತು.

10.15: ಓವನ್‌ನ ಪರೀಕ್ಷೆ

ಬಿಳಿಚಿದ ಬಣ್ಣ ಮಾತ್ರ ಮನಸ್ಸಿಗೆ ಸಮಾಧಾನ ಕೊಡಲಿಲ್ಲ. ಹಿಟ್ಟು ಹೇಗೇ ಇರಲಿ, 180ರಲ್ಲಿ 28 ನಿಮಿಷ ಇದ್ದ ಮಫಿನ್ ಚೆನ್ನಾಗಿ ಕಂದು ಬಣ್ಣಕ್ಕೆ ಬರಬೇಕು. ಡ್ರಾಯರ್ ತಳದಲ್ಲಿದ್ದ ಓವನ್ ಥರ್ಮಾಮೀಟರ್ ಹುಡುಕಿ ತೆಗೆದೆ. ನಡುವಿನ ಕಂಬಿಗೆ ನೇತುಹಾಕಿ, ಡಯಲ್ 180ಕ್ಕೆ ಇಟ್ಟು, ಗಾಜಿನ ಬಾಗಿಲ ಹೊರಗಿನಿಂದ ನೋಡುತ್ತಾ ನಿಂತೆ. ಚಿಕ್ಕವನೂ ಸ್ಟೂಲ್ ಎಳೆದುಕೊಂಡು ಬಂದು ಪಕ್ಕದಲ್ಲಿ ನಿಂತ. ಮುಳ್ಳು ಯಾವ ನಂಬರ್ ಹತ್ತಿರ ಬಂತು ಅಂತ ಹೇಳುವುದು ಅವನ ಕೆಲಸ.

10 ನಿಮಿಷಕ್ಕೆ ಓವನ್‌ನ ಕೆಂಪು ದೀಪ ಆರಿತು. ಬಿಸಿಯಾಗಿದೆ ಅಂತ ಅದರ ಲೆಕ್ಕ. ಥರ್ಮಾಮೀಟರ್ ಆಗ ತೋರಿಸುತ್ತಿದ್ದದ್ದು 135. ದೀಪ ಹತ್ತುತ್ತಾ ಆರುತ್ತಾ ಇತ್ತು. 22 ನಿಮಿಷ ಆದ ಮೇಲೆ ಮುಳ್ಳು 160ರಲ್ಲಿ ನಿಂತಿತು. ಅಲ್ಲಿಂದ ಮೇಲಕ್ಕೆ ಹೋಗಲೇ ಇಲ್ಲ.

ಎರಡು ವಿಷಯ ಗೊತ್ತಾಯಿತು. ನಮ್ಮ ಓವನ್ ಡಯಲ್‌ಗಿಂತ 20 ಡಿಗ್ರಿ ಕಡಿಮೆ ಓಡುತ್ತದೆ. ದೀಪ ಆರಿದ್ದನ್ನು ನಂಬಿ ಟ್ರೇ ಒಳಗಿಟ್ಟರೆ ಇನ್ನೂ ಕಡಿಮೆ. ದೀಪಕ್ಕೆ ಗೊತ್ತಿರುವುದು ಒಳಗಿನ ಸೆನ್ಸರ್ ಪಕ್ಕದ ಗಾಳಿ ಮಾತ್ರ. ಗೋಡೆ, ತಳ, ಕಂಬಿ ಎಲ್ಲಾ ಕಾಯುವುದಕ್ಕೆ ಇನ್ನೂ ಹೊತ್ತು ಬೇಕು. ಗೋಡೆ ಕಾದಿಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ ಇದ್ದ ಬಿಸಿಯೂ ಹೊರಗೆ ಹೋಗುತ್ತದೆ. ಡಯಲ್ ಮತ್ತು ಒಳಗಿನ ಬಿಸಿ ಹೀಗೆ 10–20 ಡಿಗ್ರಿ ಆಚೀಚೆ ಇರುವುದು ಮನೆ ಓವನ್‌ಗಳಲ್ಲಿ ಹೊಸದೇನಲ್ಲ. ಬೇಕ್ ಮಾಡುವವರ ಮನೆಯಲ್ಲಿ ಈ ಥರ್ಮಾಮೀಟರ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನೇ ಅದನ್ನು ಡ್ರಾಯರ್‌ನಲ್ಲಿ ಮರೆತಿದ್ದೆ. ಈಗ ಅದು ಓವನ್ ಒಳಗೇ ನೇತಾಡುತ್ತದೆ.

ಕೈ ಹಾಕಿದ್ದಾಯಿತು ಅಂತ ಬೇಕಿಂಗ್ ಪೌಡರನ್ನೂ ಪರೀಕ್ಷೆ ಮಾಡಿದೆ. ಒಂದು ಲೋಟದಲ್ಲಿ ಅರ್ಧದಷ್ಟು ಬಿಸಿನೀರು, ಅದಕ್ಕೆ ಅರ್ಧ ಚಮಚ ಪೌಡರ್. ಬುಸ್ ಅಂತ ನೊರೆ ಎದ್ದಿತು. ಜೀವ ಇದೆ. ಸೋಡಾಗೆ ಬಿಸಿನೀರು ಸಾಲದು, ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಬೇಕು. ಅದೂ ಚೆನ್ನಾಗಿಯೇ ನೊರೆ ಬಂತು. ಚಿಕ್ಕವನು ಇನ್ನೊಂದು ಸಲ, ಇನ್ನೊಂದು ಸಲ ಅಂತ ಮೂರು ಸಲ ಮಾಡಿಸಿದ. ಮೊಣಕಾಲು ಮರೆತೇ ಹೋಗಿತ್ತು.

ಕೆಲಸವನ್ನು ಬಿಡಿಸಿ ನೋಡಿದ್ದು

ಉಳಿದ ಮೂರು ಬಾಳೆಹಣ್ಣಿನಲ್ಲಿ ಇನ್ನೊಂದು ಟ್ರೇ ಮಾಡಬಹುದಿತ್ತು. ಆದರೆ ದಿನ ಏನೂ ಖಾಲಿಯಾಗಿರಲಿಲ್ಲ. 12ಕ್ಕೆ ಡ್ರಾಪ್ಸ್, ಅದಾದ ಮೇಲೆ ಊಟ, ಪಾತ್ರೆ, ಬಟ್ಟೆ, 4ಕ್ಕೆ ಮತ್ತೆ ಡ್ರಾಪ್ಸ್. ಒಟ್ಟಿಗೆ ಒಂದೂವರೆ ಗಂಟೆ ಬಿಡುವು ಎಲ್ಲೂ ಸಿಗುವುದಿಲ್ಲ.

ಸ್ಟೂಲ್ ಮೇಲೆ ಕೂತು ಯೋಚನೆ ಮಾಡಿದಾಗ ಹೊಳೆದದ್ದು ಇಷ್ಟು. ಮಫಿನ್‌ಗೆ ಒಂದೂವರೆ ಗಂಟೆ ಒಟ್ಟಿಗೆ ಬೇಕಾಗಿಯೇ ಇಲ್ಲ. ಒಣ ಪಾತ್ರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಮುಚ್ಚಳ ಹಾಕಿಕೊಂಡು ಕೂತಿರಬಲ್ಲದು, ನೀರು ತಾಗದಿದ್ದರೆ ಏನೂ ಆಗುವುದಿಲ್ಲ. ಹಸಿ ಪಾತ್ರೆ ಕೆಲವು ಗಂಟೆ ಫ್ರಿಜ್‌ನಲ್ಲಿ ಇರಬಲ್ಲದು. ಟ್ರೇಗೆ ಪೇಪರ್ ಕಪ್ ಜೋಡಿಸುವುದನ್ನು ಮಕ್ಕಳು ಯಾವಾಗ ಬೇಕಾದರೂ ಮಾಡಬಹುದು. ಕಾಯದೇ ಇರುವುದು ಒಂದೇ ಒಂದು ಜಾಗ. ಹಸಿ ಒಣಕ್ಕೆ ಬಿದ್ದಲ್ಲಿಂದ ಟ್ರೇ ಓವನ್ ಸೇರುವವರೆಗೆ. ಅದಕ್ಕೆ ಹೆಚ್ಚೆಂದರೆ 10 ನಿಮಿಷ. ಆ 10 ನಿಮಿಷ ಮಾತ್ರ ಬೇರೆ ಯಾರದ್ದೂ ಆಗಬಾರದು. ಬೆಳಿಗ್ಗೆ ನಾನು ಆ ಜಾಗದಲ್ಲೇ ಎದ್ದು ಹೋಗಿದ್ದೆ. ಮಗ ಬಿದ್ದರೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓವನ್ ಮೊದಲೇ ಕಾದಿದ್ದರೆ ಅವನು ಬೀಳುವಷ್ಟರಲ್ಲಿ ಟ್ರೇ ಒಳಗಿರುತ್ತಿತ್ತು.

ಹಾಗಾಗಿ ಎರಡನೇ ಟ್ರೇಯನ್ನು ತುಂಡು ತುಂಡಾಗಿ ಮಾಡಿದೆ.

11 ಗಂಟೆಗೆ ಒಣ ಪಾತ್ರೆ. ಮೈದಾ, ಪೌಡರ್, ಸೋಡಾ, ಉಪ್ಪು ಜರಡಿ ಹಿಡಿದು, ವಿಸ್ಕ್‌ನಲ್ಲಿ ಒಂದು ನಿಮಿಷ ಚೆನ್ನಾಗಿ ಆಡಿಸಿದೆ. ಒಣಗಿರುವಾಗ ಎಷ್ಟು ಬೇಕಾದರೂ ಆಡಿಸಬಹುದು, ಗ್ಲುಟೆನ್ ಕಟ್ಟುವುದಿಲ್ಲ. ಸೋಡಾ ಗಂಟು ಉಳಿಯಬಾರದು. ತಿನ್ನುವಾಗ ಆ ಗಂಟು ಬಾಯಿಗೆ ಸಿಕ್ಕಿದರೆ ಸಾಬೂನಿನ ರುಚಿ. ತಟ್ಟೆ ಮುಚ್ಚಿ ಬದಿಗಿಟ್ಟೆ.

11.20ಕ್ಕೆ ಹಸಿ ಪಾತ್ರೆ. ಬಾಳೆಹಣ್ಣನ್ನು ಫೋರ್ಕ್‌ನಲ್ಲಿ ಹಿಸುಕಿ, ಸಕ್ಕರೆ, ಎಣ್ಣೆ, ಮೊಸರು, ಮೊಟ್ಟೆ, ವೆನಿಲಾ. ಸಕ್ಕರೆ ಕರಗುವವರೆಗೆ ತಿರುವಿದೆ. ಮುಚ್ಚಳ ಹಾಕಿ ಫ್ರಿಜ್‌ಗೆ. ಇಲ್ಲಿ ಎಣ್ಣೆ ಇದ್ದದ್ದು ಅನುಕೂಲವಾಯಿತು. ಕರಗಿಸಿದ ಬೆಣ್ಣೆ ಹಾಕುವ ರೆಸಿಪಿ ಆಗಿದ್ದರೆ ಫ್ರಿಜ್‌ನಲ್ಲಿ ಅದು ಗಟ್ಟಿಯಾಗಿ ತುಣುಕು ತುಣುಕಾಗುತ್ತದೆ. ಅಂಥ ದಿನ ಬೆಣ್ಣೆಯನ್ನು ಕೊನೆಯಲ್ಲಿ ಕರಗಿಸಿ ಸೇರಿಸಬೇಕು. ಬೆಣ್ಣೆಯ ಪರಿಮಳ ಎಣ್ಣೆಗೆ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಮಾರನೇ ದಿನವೂ ಮೆತ್ತಗಿರುವುದು ಎಣ್ಣೆಯ ಮಫಿನ್. ಎಣ್ಣೆ ತಣ್ಣಗಾದರೂ ದ್ರವವಾಗಿಯೇ ಇರುತ್ತದಲ್ಲ, ಅದಕ್ಕೆ. ಡಬ್ಬಿಗೆ ಹಾಕುವುದಾದರೆ ನನ್ನ ಓಟು ಎಣ್ಣೆಗೆ.

12ಕ್ಕೆ ಡ್ರಾಪ್ಸ್. ಊಟ. ದೊಡ್ಡವಳು ಒದ್ದೆ ಕೂದಲಲ್ಲೇ ಬಂದು ಕೂತಳು, ಎರಡು ಲ್ಯಾಪ್ ನಿಲ್ಲಿಸದೆ ಹೊಡೆದೆ ಅಂತ ಮೂರು ಸಲ ಹೇಳಿದಳು. ಮಧ್ಯಾಹ್ನ 2ಕ್ಕೆ ಅವಳೂ ಅವನೂ ಸೇರಿ ಪೇಪರ್ ಕಪ್ ಜೋಡಿಸಿದರು. 2.30ಕ್ಕೆ ಹಸಿ ಪಾತ್ರೆಯನ್ನು ಫ್ರಿಜ್‌ನಿಂದ ಹೊರಗಿಟ್ಟೆ. ತೀರಾ ತಣ್ಣಗಿರುವ ಹಿಟ್ಟು ಓವನ್‌ನಲ್ಲಿ ಕಾಯುವುದಕ್ಕೇ ಮೊದಲ ಕೆಲವು ನಿಮಿಷ ತಿನ್ನುತ್ತದೆ.

2.40: ಕರೆಂಟ್

ಓವನ್ ಹಾಕಿದೆ. ಈ ಸಲ ಡಯಲ್ 240ಕ್ಕೆ, ಒಳಗೆ 220 ಬರಲಿ ಅಂತ. ಹತ್ತು ನಿಮಿಷ ಆಗಿರಬೇಕು, ಟಕ್ ಅಂತ ಶಬ್ದ, ಅಡುಗೆಮನೆಯ ಪ್ಲಗ್ ಎಲ್ಲಾ ಸತ್ತವು. ಬೋರ್ಡ್ ತೆರೆದು ನೋಡಿದರೆ ಒಂದು ಬ್ರೇಕರ್ ಕೆಳಗೆ ಬಿದ್ದಿತ್ತು.

ಲೆಕ್ಕ ಹಾಕಿದರೆ ಅದು ಬಿದ್ದದ್ದರಲ್ಲಿ ಆಶ್ಚರ್ಯವೇ ಇಲ್ಲ. ಓವನ್ 2000 ವ್ಯಾಟ್. ಯಜಮಾನರು ಬಿಸಿನೀರಿನ ವಾಶ್‌ಗೆ ಹಾಕಿದ್ದ ವಾಷಿಂಗ್ ಮೆಷಿನ್, ಅದರ ಹೀಟರ್ ಇನ್ನೊಂದು 2000. ಅತ್ತೆಗೆ ಕುಡಿಯುವುದಕ್ಕೆ ಅಂತ ನಾನೇ ಇಟ್ಟ ಕೆಟಲ್ 1500. ಮೂರೂ ಒಂದೇ ಲೈನಿನಲ್ಲಿ. ಒಟ್ಟು 5500 ವ್ಯಾಟ್. 230 ವೋಲ್ಟ್‌ಗೆ ಭಾಗಿಸಿದರೆ ಹತ್ತಿರ ಹತ್ತಿರ 24 ಆಂಪಿಯರ್. ಬ್ರೇಕರ್ ಮೇಲೆ ಬರೆದಿರುವುದು 16. ಅದು ಬಿದ್ದು ನಮ್ಮ ಗೋಡೆಯೊಳಗಿನ ವೈರನ್ನು ಕಾಪಾಡಿತು.

"ರೀ, ಬಟ್ಟೆ ಅರ್ಧ ಗಂಟೆ ಕಾಯಲಿ," ಅಂದೆ. "ಆಯ್ತು, ನೀನು ಮೊದಲು ಇದನ್ನು ಮುಗಿಸು," ಅಂತ ಅವರು ಮೆಷಿನ್ ಆಫ್ ಮಾಡಿದರು. ಕೆಟಲ್‌ನ ಪ್ಲಗ್ ಕಿತ್ತು, ಬ್ರೇಕರ್ ಮೇಲೆತ್ತಿದೆ. ನಿಂತಿತು. ಒಂದೇ ಸಲ ಮೇಲೆತ್ತಿ ನೋಡಬೇಕು. ಲೋಡ್ ತೆಗೆದ ಮೇಲೂ ಮತ್ತೆ ಬಿದ್ದರೆ ಸುಮ್ನೆ ಎತ್ತುತ್ತಾ ಕೂರಬಾರದು, ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. ನಮ್ಮದು ಆಮೇಲೆ ಬೀಳಲಿಲ್ಲ.

ಬೆಳಗ್ಗಿನ ಹಾಗೆ ಮಾಡಿದ್ದರೆ, ಅಂದರೆ ಕಲಸಿ ಆದ ಮೇಲೆ ಓವನ್ ಹಾಕಿದ್ದರೆ, ಈ ಟ್ರೇಯೂ ಹೋಗುತ್ತಿತ್ತು. ಈಗ ಒಣದ್ದು ಒಂದು ಕಡೆ, ಹಸಿಯದ್ದು ಒಂದು ಕಡೆ, ಎರಡೂ ಆರಾಮಾಗಿ ಇದ್ದವು.

3.25: ಹದಿನಾರು ಸಲ

ಥರ್ಮಾಮೀಟರ್ 220 ಮುಟ್ಟಿದ ಮೇಲೇ ಪಾತ್ರೆಗೆ ಕೈ ಹಾಕಿದ್ದು. ಚಿಕ್ಕವನನ್ನು ಯಜಮಾನರ ಕೈಗೆ ಒಪ್ಪಿಸಿದೆ. ಫೋನ್ ಹಾಲ್‌ನಲ್ಲಿ ಬಿಟ್ಟೆ. ದೊಡ್ಡವಳಿಗೆ ಎಣಿಸುವ ಕೆಲಸ ಕೊಟ್ಟೆ.

ಒಣ ಹಿಟ್ಟಿನ ನಡುವೆ ಗುಂಡಿ ಮಾಡಿ ಹಸಿ ಮಿಶ್ರಣವನ್ನು ಒಟ್ಟಿಗೆ ಸುರಿದೆ. ರಬ್ಬರ್ ಸ್ಪಾಚುಲಾವನ್ನು ಪಾತ್ರೆಯ ಅಂಚಿನಿಂದ ತಳಕ್ಕೆ ಇಳಿಸಿ, ತಳದ ಹಿಟ್ಟನ್ನು ಎತ್ತಿ, ಮೇಲೆ ಮಗುಚುವುದು. ಪಾತ್ರೆಯನ್ನು ಕಾಲು ಸುತ್ತು ತಿರುಗಿಸುವುದು. ಮತ್ತೆ ಮಗುಚುವುದು. ಅಷ್ಟೇ. ಗರಗರ ತಿರುಗಿಸುವಂತಿಲ್ಲ.

"ಒಂದು, ಎರಡು, ಮೂರು," ಅವಳು ಎಣಿಸುತ್ತಿದ್ದಳು. ಎಂಟಕ್ಕೆ ಪಾತ್ರೆಯಲ್ಲಿ ಬಿಳಿ ಗೆರೆಗಳು ಅಲ್ಲಲ್ಲಿ ಇದ್ದವು. ಹನ್ನೆರಡಕ್ಕೆ ಗೆರೆ ಕಡಿಮೆಯಾಗಿ ಗಂಟುಗಳು ಉಳಿದವು. ಹದಿನಾರಕ್ಕೆ ನಿಲ್ಲಿಸಿದೆ. ಕಡಲೆಕಾಳಿನಷ್ಟು ದಪ್ಪದ ಗಂಟು ಇನ್ನೂ ಕಾಣುತ್ತಿದ್ದವು, ಒಂದೆರಡು ಕಡೆ ಮೈದಾದ ಬಿಳಿ ಧೂಳು.

"ಅಮ್ಮಾ, ಇನ್ನೂ ಗಂಟು ಇದೆ," ಅಂದಳು.

"ಇರಲಿ ಚಿನ್ನ. ಒಳಗೆ ಹೋದ ಮೇಲೆ ಅದೇ ನೀರು ಕುಡಿದು ಬಿಟ್ಟುಕೊಳ್ಳುತ್ತದೆ."

ಅವಳಿಗೆ ನಂಬಿಕೆ ಬರಲಿಲ್ಲ. ಕೈಯಲ್ಲಿ ಸ್ಪಾಚುಲಾ ಇದ್ದಾಗ ನನಗೂ ಇನ್ನು ನಾಲ್ಕೇ ಸಲ ಅಂತ ಆಸೆಯಾಗುತ್ತದೆ. ಬೆರಳು ನಿಲ್ಲಿಸುವುದೇ ಈ ಕೆಲಸದ ಕಷ್ಟದ ಭಾಗ.

ಎರಡು ಚಮಚದಲ್ಲಿ ಕಪ್‌ಗಳಿಗೆ ತುಂಬಿದೆ, ಒಂದರಲ್ಲಿ ಎತ್ತಿ ಇನ್ನೊಂದರಲ್ಲಿ ತಳ್ಳುವುದು. ಪ್ರತಿ ಕಪ್‌ಗೂ ಮುಕ್ಕಾಲು ಭಾಗ. ತೂಕ ನೋಡಿದರೆ ಒಂದಕ್ಕೆ 75 ಗ್ರಾಂ ಆಸುಪಾಸು ಬರುತ್ತದೆ. ಮೇಲೆ ಚಿಟಿಕೆ ಸಕ್ಕರೆ ಉದುರಿಸಿದೆ, ಅದು ಬೆಂದು ಗರಿಗರಿ ಪದರ ಆಗುತ್ತದೆ. ಸುರಿದಲ್ಲಿಂದ ಬಾಗಿಲು ಮುಚ್ಚುವವರೆಗೆ 8 ನಿಮಿಷ.

ಮೊದಲ 6 ನಿಮಿಷ ಒಳಗೆ 220. ಆಮೇಲೆ ಬಾಗಿಲು ತೆರೆಯದೆ ಡಯಲ್ 200ಕ್ಕೆ ಇಳಿಸಿದೆ, ಅಂದರೆ ಒಳಗೆ 180. ಮೊದಲ ಜೋರು ಬಿಸಿಗೆ ಅನಿಲ ಬೇಗ ಹಿಗ್ಗುತ್ತದೆ, ಕಪ್‌ಗೆ ತಾಗಿದ ಅಂಚು ಮೊದಲು ಗಟ್ಟಿಯಾಗುತ್ತದೆ. ನಡುವೆ ಇನ್ನೂ ಹಸಿ ಇರುವ ಹಿಟ್ಟಿಗೆ ಹೋಗುವುದಕ್ಕೆ ಬೇರೆ ದಾರಿ ಇಲ್ಲ, ಮೇಲಕ್ಕೇ ಏರುತ್ತದೆ. ತಲೆ ಉಬ್ಬುವುದು ಹೀಗೆ. ಪೂರ್ತಿ ಹೊತ್ತೂ 220ರಲ್ಲೇ ಬಿಟ್ಟರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ, ಅದಕ್ಕೇ ಇಳಿಸುವುದು.

ಗಾಜಿನ ಮುಂದೆ ನಾನೂ ಮಗಳೂ ಕೂತು ನೋಡಿದೆವು. ಐದನೇ ನಿಮಿಷಕ್ಕೆ ಅಂಚುಗಳು ಕಪ್‌ನ ಬಾಯಿ ಮುಟ್ಟಿದವು. ಎಂಟಕ್ಕೆ ನಡುಭಾಗ ಎದ್ದು ನಿಂತಿತು. ಹತ್ತಕ್ಕೆ ಹಿಂದಿನ ಸಾಲಿನ ಒಂದರ ತಲೆ ಸಣ್ಣಗೆ ಬಿರಿಯಿತು. ಬಿರಿದ ಜಾಗದಲ್ಲಿ ಹಸಿ ಹಿಟ್ಟು ಹೊಳೆಯಿತು, ನೋಡನೋಡುತ್ತಾ ಹೊಳಪು ಹೋಗಿ ಮಂಕಾಯಿತು. ಅಷ್ಟರಲ್ಲಿ ಬಾಳೆಹಣ್ಣಿನ ಘಮ ಹಾಲ್‌ವರೆಗೆ ಹೋಗಿತ್ತು. ಅತ್ತೆ ಅಲ್ಲಿಂದಲೇ "ಈ ಸಲ ಆಯ್ತು ಅನ್ಸುತ್ತೆ," ಅಂದರು. ಕಣ್ಣು ಮುಚ್ಚಿಕೊಂಡು ಮಲಗಿದ್ದರು, ಘಮದಲ್ಲೇ ಗೊತ್ತಾಗಿತ್ತು.

21ನೇ ನಿಮಿಷಕ್ಕೆ ಟೂತ್‌ಪಿಕ್ ಚುಚ್ಚಿದೆ. ಎರಡು ಒಣ ಚೂರು ಅಂಟಿಕೊಂಡು ಬಂದವು, ಹಸಿ ಇಲ್ಲ. ತಲೆಯ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟರೆ ತಗ್ಗು ನಿಲ್ಲಲಿಲ್ಲ, ಮೇಲೆದ್ದು ಬಂತು. ಹೊರಗೆ ತೆಗೆದೆ. ಹನ್ನೊಂದರ ತಲೆ ಗುಂಡಗೆ ಉಬ್ಬಿತ್ತು. ಒಂದು ಮಾತ್ರ ಒಂದು ಪಕ್ಕಕ್ಕೆ ವಾಲಿತ್ತು. ಅದು ಓವನ್‌ನ ಬಲ ಮೂಲೆಯದ್ದು, ಅಲ್ಲಿ ಬಿಸಿ ಜಾಸ್ತಿ ಇರಬೇಕು. ಮುಂದಿನ ಸಲ ಕೊನೆಯ ಐದು ನಿಮಿಷಕ್ಕೆ ಟ್ರೇ ತಿರುಗಿಸಿ ನೋಡಬೇಕು.

4 ಗಂಟೆ: ಐದೈದು ನಿಮಿಷ

ಮಫಿನ್ ಟ್ರೇಯಲ್ಲೇ 5 ನಿಮಿಷ ಇರಬೇಕು. ಹೊರಗೆ ಬಂದ ಕೂಡಲೇ ಕಿತ್ತರೆ ಮೆತ್ತಗಿದ್ದು ಮುರಿಯುತ್ತದೆ. 10–15 ನಿಮಿಷ ಬಿಟ್ಟರೆ ಬೆವರು ಕೆಳಗಿಳಿದು ತಳ ಒದ್ದೆಯಾಗುತ್ತದೆ. ಅತ್ತೆಯ ಎರಡು ಡ್ರಾಪ್ಸ್ ನಡುವೆಯೂ 5 ನಿಮಿಷ ಬಿಡಬೇಕು, ಒಂದರ ಮೇಲೊಂದು ಹಾಕಿದರೆ ಮೊದಲಿನದು ತೊಳೆದು ಹೋಗುತ್ತದೆ. ಕೈ ತೊಳೆದು, "ಅತ್ತೆ, ತಲೆ ಸ್ವಲ್ಪ ಹಿಂದಕ್ಕೆ," ಅಂದೆ. ಕೆಳರೆಪ್ಪೆ ಎಳೆದು ಮೊದಲ ಹನಿ ಹಾಕಿದೆ. ಅವರು ಕಣ್ಣು ಮುಚ್ಚಿ ಮಲಗಿದರು. ನಾನು ಅಡುಗೆಮನೆಗೆ ಹೋಗಿ ಹನ್ನೆರಡನ್ನೂ ಒಂದೊಂದಾಗಿ ಎತ್ತಿ ತಂತಿಯ ರ‍್ಯಾಕ್ ಮೇಲೆ ಇಟ್ಟೆ. ವಾಪಸ್ ಬಂದು ಕೈ ತೊಳೆದು ಎರಡನೇ ಹನಿ ಹಾಕಿದೆ. ಎರಡಕ್ಕೂ ಒಂದೇ ಟೈಮರ್ ಸಾಕಾಯಿತು.

ಪೇಪರ್ ಕಪ್ ಬಿಸಿಯಲ್ಲೇ ಸುಲಿದರೆ ಅರ್ಧ ಮಫಿನ್ ಕಾಗದಕ್ಕೆ ಹೋಗುತ್ತದೆ. ಅರ್ಧ ಗಂಟೆ ಕಾದೆವು. ಚಿಕ್ಕವನಿಗೆ ಅದು ಆ ದಿನದ ಅತೀ ಉದ್ದದ ಅರ್ಧ ಗಂಟೆ.

ವಾಲಿದ್ದ ಮಫಿನನ್ನು ಕೊಯ್ದು, ಬೆಳಗ್ಗಿನ ತುಂಡಿನ ಪಕ್ಕದಲ್ಲಿಟ್ಟು ಮಗಳಿಗೆ ತೋರಿಸಿದೆ. ಒಂದರಲ್ಲಿ ಸುರಂಗ. ಇನ್ನೊಂದರಲ್ಲಿ ಮೇಲಿಂದ ಕೆಳಗಿನವರೆಗೂ ಸಾಸಿವೆಯಷ್ಟು, ಎಳ್ಳಿನಷ್ಟು ಸಣ್ಣ ತೂತು. ಅವಳು ನೋಡಿದ ಗಂಟಿನ ಗುರುತು ಎಲ್ಲೂ ಇರಲಿಲ್ಲ. ಅವಳು ಬೆರಳಲ್ಲಿ ಹುಡುಕಿ ಹುಡುಕಿ ನೋಡಿದಳು. "ಗಂಟೆಲ್ಲಾ ಎಲ್ಲಿ ಹೋಯ್ತಮ್ಮಾ?" ಅಂದಳು. ಆ ತುಂಡು ಅಲ್ಲೇ ಖಾಲಿಯಾಯಿತು.

ಮೊದಲ ಟ್ರೇ

ಬೆಳಗ್ಗಿನ ಮಫಿನ್‌ಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ರುಚಿ ಕೆಟ್ಟಿರಲಿಲ್ಲ, ಕೆಟ್ಟಿದ್ದು ಮೈಕಟ್ಟು ಮಾತ್ರ. ಅರ್ಧ ಬೆರಳು ದಪ್ಪಕ್ಕೆ ಅಡ್ಡಡ್ಡ ಕೊಯ್ದು ಟ್ರೇ ಮೇಲೆ ಹರಡಿದೆ. ಓವನ್ ಇನ್ನೂ ಬಿಸಿಯಾಗಿತ್ತು. ಒಳಗೆ 150 ಬರುವ ಹಾಗೆ ಡಯಲ್ 170ಕ್ಕೆ ಇಟ್ಟು, 12 ನಿಮಿಷ ಒಂದು ಮಗ್ಗುಲು, 12 ನಿಮಿಷ ಇನ್ನೊಂದು ಮಗ್ಗುಲು. ತೇವ ಹಾರಿದ ಮೇಲೆ ರಬ್ಬರ್‌ನಂತಿದ್ದದ್ದು ಗರಿಗರಿಯಾಯಿತು. ಬಿಸಿಯಲ್ಲಿ ಸ್ವಲ್ಪ ಮೆತ್ತಗೇ ಅನ್ನಿಸುತ್ತದೆ, ತಣ್ಣಗಾದ ಮೇಲೆ ಕಟುಂ ಅನ್ನುತ್ತದೆ. ಸುರಂಗದ ತೂತುಗಳಿಂದಾಗಿ ಇನ್ನೂ ಬೇಗ ಒಣಗಿದವು. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಹಾಕಿದೆ. ಅತ್ತೆಗೆ ಇದೇ ಜಾಸ್ತಿ ಇಷ್ಟವಾಯಿತು.

ಆಮೇಲೆ ವಾಷಿಂಗ್ ಮೆಷಿನ್ ಮತ್ತೆ ಹಾಕಿದೆವು.

5 ಗಂಟೆಗೆ ನಾದಿನಿ ಬಂದಳು. ಮಕ್ಕಳು ಶೂ ಬಿಚ್ಚುವ ಮೊದಲೇ ಏನೋ ಘಮ ಅಂತ ಕೇಳಿದರು. ಏಳು ಮಫಿನ್ ಆಗಲೇ ಮುಗಿದವು. ಉಳಿದ ನಾಲ್ಕನ್ನು ಡಬ್ಬದ ತಳಕ್ಕೆ ಒಂದು ಪೇಪರ್ ಟವೆಲ್ ಹಾಕಿ ಜೋಡಿಸಿಟ್ಟೆ, ಬೆವರಿದರೆ ಅದು ಹೀರಿಕೊಳ್ಳುತ್ತದೆ. ಫ್ರಿಜ್‌ನಲ್ಲಿ ಇಡಲಿಲ್ಲ. ಅಲ್ಲಿ ಬೇಗ ಬಿರುಸಾಗುತ್ತದೆ. ಎರಡು ದಿನ ಹೊರಗೇ ಚೆನ್ನಾಗಿರುತ್ತದೆ, ಅದಕ್ಕಿಂತ ಜಾಸ್ತಿ ಇಡುವುದಾದರೆ ನೇರ ಫ್ರೀಜರ್‌ಗೆ.

ರಾತ್ರಿ ಒಂದು ಚೀಟಿ ಬರೆದು ಓವನ್ ಪಕ್ಕದ ಗೋಡೆಗೆ ಅಂಟಿಸಿದೆ. "ಡಯಲ್ 240 = ಒಳಗೆ 220. ಡಯಲ್ 200 = ಒಳಗೆ 180. ಕಾಯಲು 25 ನಿಮಿಷ. ಮೆಷಿನ್, ಕೆಟಲ್ ಆಫ್." ಬೆಳಿಗ್ಗೆ ಎದ್ದು ನೋಡಿದರೆ ಅದರ ಕೆಳಗೆ ಮಗಳ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: "16 ಸಲ ಮಾತ್ರ!"